ಪಯಣದ ಹೆಣಿಗೆ: ಕಾಯಕವೋ, ಕಾಲಹರಣವೋ?



ಚಾಮರಾಜಪೇಟೆಯ ಶಿವಾನುಭವಗೋಷ್ಠಿಯೊಂದರಲ್ಲಿ ವಯಸ್ಸಾದ ತಾಯಿಯೊಬ್ಬರು ಒಂದು ಸಂದೇಹವನ್ನು ಮುಂದಿಟ್ಟರು: "ದಾವಣಗೆರೆಯಲ್ಲಿರುವ ಮಗಳ ಮನೆಗೆ ಮೊಮ್ಮಗುವನ್ನು ನೋಡಲು ಹೋಗುವಾಗಲೆಲ್ಲ ರೈಲಿನಲ್ಲಿ ಕುಳಿತಷ್ಟು ಹೊತ್ತೂ ಉಣ್ಣೆಯ ಕುಲಾವಿಯನ್ನು ಹೆಣೆಯುತ್ತೇನೆ. ಇದು ಕಾಯಕವೆನಿಸುವುದೇ, ಬರಿಯ ಕಾಲಹರಣವೇ? ಕೈಯನ್ನು ನೂಲಿಗೆ ಕೊಟ್ಟರೆ ಲಿಂಗದ ನೆನಹು ತಪ್ಪುವುದಿಲ್ಲವೇ?" ಪ್ರಶ್ನೆ ಸಣ್ಣದೆಂದು ಕಂಡರೂ ಗೃಹಸ್ಥಧರ್ಮದ ತಿರುಳೇ ಅದರಲ್ಲಡಗಿದೆ.

ಮೊದಲು ನೆನಹಿನ ಮಾತು. ಹನ್ನೆರಡನೆಯ ಶತಮಾನದ ಶರಣರು ಕೈಕೆಲಸವನ್ನು ಧ್ಯಾನಕ್ಕೆ ಅಡ್ಡಿಯೆಂದು ಬಗೆದವರಲ್ಲ. ಕದಿರ ರೆಮ್ಮವ್ವೆ ನೂಲುವ ಕಾಯಕದವರು. ತಾವು ನೂಲುವ ರಾಟೆಯ ಅಂಗಾಂಗಗಳಲ್ಲಿಯೇ ಆಕೆ ತತ್ತ್ವವನ್ನು ಕಂಡು ವಚನಗಳಲ್ಲಿ ನುಡಿದರು. ಬೆಳಗಿನ ಲಿಂಗಪೂಜೆಯನ್ನು ಮುಗಿಸಿ ಹೊರಟ ತಾಯಿಯ ಎದೆಯ ಮೇಲೆ ಇಷ್ಟಲಿಂಗವಿದೆ. ಲಿಂಗವನ್ನು ಹಿಡಿದು ಪೂಜಿಸಿದ ಕೈಯೇ ಕಡ್ಡಿಗಳನ್ನು ಹಿಡಿದಿದೆ. ಕೈ ಪಳಗಿದ ಮೇಲೆ ಹೆಣಿಗೆ ತಾನಾಗಿ ಸಾಗುವುದು, ಮನಸ್ಸು ನಿಶ್ಚಲವಾಗುವುದು. ಕೈ ಬರಿದಾಗಿದ್ದ ಮಾತ್ರಕ್ಕೆ ಮನಸ್ಸು ಲಿಂಗದಲ್ಲಿ ನಿಂತೀತೆಂಬ ಭರವಸೆಯೇನೂ ಇಲ್ಲ. ಇಂದು ಪಯಣಿಗರ ಕೈಯಲ್ಲಿರುವ ಮೊಬೈಲು ಅವರ ಮನಸ್ಸನ್ನು ಎಲ್ಲೆಲ್ಲಿಗೆ ಎಳೆದೊಯ್ಯುವುದೆಂಬುದನ್ನು ನಾವೆಲ್ಲರೂ ಬಲ್ಲೆವು.

ಹಾಗಾದರೆ ಕೈ ದುಡಿದ ಮಾತ್ರಕ್ಕೆ ಅದು ಕಾಯಕವಾಯಿತೇ? ಇಲ್ಲ. ನುಲಿಯ ಚಂದಯ್ಯನವರ ಕಥೆಯನ್ನು ನೆನೆಯಿರಿ. ಹೊಡಕೆಹುಲ್ಲನ್ನು ಕೊಯ್ಯುವಾಗ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದರೂ ಅವರು ಕಾಯಕವನ್ನು ನಿಲ್ಲಿಸಲಿಲ್ಲವೆಂದು ಶರಣಕಥೆಗಳು ಸಾರುತ್ತವೆ. ಇದು ಲಿಂಗದ ಅನಾದರವಲ್ಲ. ಆ ಹುಲ್ಲು ಹಗ್ಗವಾಗಬೇಕು, ಹಗ್ಗದಿಂದ ಬಂದ ಹಣ ಜಂಗಮದಾಸೋಹಕ್ಕೆ ಸಲ್ಲಬೇಕು. ಆ ಸೇವೆಯು ತಪ್ಪಬಾರದೆಂಬುದೇ ಅವರ ನಿಷ್ಠೆ. ಕೆಲಸವು ದಾಸೋಹದಲ್ಲಿ ಮುಗಿದಾಗ ಕಾಯಕವೆನಿಸುವುದು. 'ನನ್ನದು' ಎಂಬಲ್ಲಿಯೇ ಮುಗಿದರೆ ಅದು ಬರಿಯ ದುಡಿಮೆ.

ಈ ಒರೆಗಲ್ಲಿಗೆ ಕುಲಾವಿಯನ್ನು ಹಚ್ಚಿ ನೋಡೋಣ. ಮೊಮ್ಮಗುವಿನ ತಲೆ ಬೆಚ್ಚಗಿರಲೆಂಬ ಅಜ್ಜಿಯ ಹಂಬಲ ದೋಷವಲ್ಲ. ಅದು ಪ್ರಕೃತಿಸಹಜವಾದ ವಾತ್ಸಲ್ಯ. ಆದರೆ ಹಕ್ಕಿಯೂ ತನ್ನ ಮರಿಗೆ ಗೂಡನ್ನು ಕಟ್ಟುವುದು. ಭಕ್ತನ ಹೆಚ್ಚಳವು ಅಲ್ಲಿಂದಾಚೆಗೆ ಮೊದಲಾಗುವುದು.

ಸಂಗೊಳ್ಳಿ ರಾಯಣ್ಣ ನಿಲ್ದಾಣದಿಂದ ಹೊರಟ ಬಂಡಿಯು ಮಲ್ಲೇಶ್ವರ, ಯಶವಂತಪುರಗಳನ್ನು ದಾಟಿ ತುಮಕೂರನ್ನು ಸಮೀಪಿಸುವಾಗ ಕ್ಯಾತ್ಸಂದ್ರ ಬರುತ್ತದೆ. ಅಲ್ಲಿಯೇ ಸಿದ್ಧಗಂಗೆ. ಭಕ್ತರ ಕೈಗಳು ತಾವಾಗಿ ಮುಗಿಯುವ ಸ್ಥಳವದು. 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಮಹಾಸ್ವಾಮಿಗಳು ಅಲ್ಲಿ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ನೀಡಿದರು. ಬಂದ ಮಗುವಿನ ಜಾತಿಮತಗಳನ್ನು ಆ ಮಠವು ಕೇಳಲಿಲ್ಲ. ಕಡ್ಡಿಯನ್ನು ಕೆಳಗಿಟ್ಟು ಕೈಮುಗಿದ ತಾಯಿಯು ಮತ್ತೆ ನೂಲನ್ನೆತ್ತಿಕೊಳ್ಳುವಾಗ ತನ್ನನ್ನು ತಾನೇ ಕೇಳಿಕೊಳ್ಳಲಿ: 'ಈ ಚೀಲದಲ್ಲಿ ನನ್ನದಲ್ಲದ ಮಗುವಿಗೂ ಒಂದು ಕುಲಾವಿ ಇದೆಯೇ?' ಮಗಳ ಮನೆಯಲ್ಲಿ ಪಾತ್ರೆ ತೊಳೆಯಲು ಬರುವ ಹೆಣ್ಣುಮಗಳ ಕಂಕುಳಲ್ಲಿಯೂ ಒಂದು ಕೂಸಿರಬಹುದು. ಪುಷ್ಯಮಾಸದ ಚಳಿಯು ಎರಡು ಕೂಸುಗಳಿಗೂ ಒಂದೇ.

ಇನ್ನೂ ಕಠಿನವಾದುದೊಂದಿದೆ. ಬೀಗರೊಡನೆ ಮಾತು ಮುರಿದುಕೊಂಡ ಮನೆಗಳೆಷ್ಟಿಲ್ಲ! ಮಗಳಿಗೂ ಮೊಮ್ಮಗುವಿಗೂ ಕೈತುಂಬ ತರುವ ತಾಯಿಯು ಅದೇ ಮನೆಯ ಹಿರಿಯಳಾದ ಬೀಗಿತ್ತಿಗೆ ಬರಿಗೈಯಲ್ಲಿ ಮುಖ ತೋರಿಸುವುದುಂಟು. ಇಲ್ಲಿ ಹೆಣಿಗೆಯ ಮರ್ಮವೇ ನಮಗೆ ಪಾಠವಾಗಬೇಕು. ಮಗ್ಗದ ನೇಯ್ಗೆಯಲ್ಲಿ ಹಾಸು ಹೊಕ್ಕುಗಳೆಂದು ಎರಡು ಬಗೆಯ ನೂಲು. ಕಡ್ಡಿಯ ಹೆಣಿಗೆಯಲ್ಲಿಯಾದರೋ ಒಂದೇ ಎಳೆ. ಕೆಳಗಿನ ಕುಣಿಕೆಯೊಳಗಿಂದ ಮೇಲಿನ ಕುಣಿಕೆ ಹೊರಡುವುದು. ಒಂದು ಕಡ್ಡಿಯಿಂದ ಜಾರಿತೆಂದರೆ ಅದರ ಕೆಳಗಿನವು ಸಾಲುಸಾಲಾಗಿ ಬಿಚ್ಚಿಕೊಳ್ಳುತ್ತ ಹೋಗುವವು. ಮನೆತನವೂ ಹಾಗೆಯೇ. ಒಬ್ಬಳನ್ನು ಕೈಬಿಟ್ಟು ಉಳಿದವರನ್ನು ಬೆಚ್ಚಗಿಡುತ್ತೇನೆಂಬುದು ಆಗದ ಮಾತು. ಆ ಬಿರುಕಿನ ಚಳಿ ಕೊನೆಗೆ ತಾಗುವುದು ಅದೇ ಮಗಳಿಗೆ.

ಆದರೆ ಜಾರಿದ ಕುಣಿಕೆಯನ್ನು ಬಲ್ಲವಳು ಮರೆಮಾಡುವುದಿಲ್ಲ. ಕೊಕ್ಕೆಯಿಂದ ಸಾಲುಸಾಲಾಗಿ ಮೇಲೆತ್ತಿ ಮತ್ತೆ ಕಡ್ಡಿಗೇರಿಸುತ್ತಾಳೆ. ಆಗದಿದ್ದರೆ ಅಲ್ಲಿಯವರೆಗೆ ಬಿಚ್ಚಿ ಪುನಃ ಹೆಣೆಯುತ್ತಾಳೆ. ನೂಲು ನಷ್ಟವಾಗುವುದಿಲ್ಲ, ಹೋಗುವುದು ಹೊತ್ತು ಮತ್ತು ಹಮ್ಮು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ನಿಜವೇ. ಆದರೂ ನಾಲಗೆ ಕೆಡಿಸಿದುದನ್ನು ಕೈ ಸ್ವಲ್ಪ ನೇರ್ಪಡಿಸಬಲ್ಲುದು. ಬೀಗಿತ್ತಿಯ ಕೊರಳಿಗೊಂದು ಉಣ್ಣೆಯ ಪಟ್ಟಿಯನ್ನು ಹೆಣೆಯಲು ಕುಳಿತವಳಿಗೆ ಆ ಕೊರಳನ್ನು ನೆನೆಯದೆ ವಿಧಿಯಿಲ್ಲ. ಅಷ್ಟು ಹೊತ್ತು ನೆನೆದಮೇಲೆ ಹಗೆಯು ಹಿಂದಿನ ಬಿಗಿಯಲ್ಲಿ ಉಳಿಯುವುದು ಕಷ್ಟ.

ಆದಕಾರಣ ತಾಯಂದಿರೇ, ನಿಮ್ಮ ಚೀಲದಲ್ಲಿ ನೂಲೂ ಕಡ್ಡಿಯೂ ಇರಲಿ. ಮೊದಲನೆಯದು ಮೊಮ್ಮಗುವಿಗಾಗಲಿ, ಎರಡನೆಯದು ನಿಮ್ಮದಲ್ಲದ ಮಗುವಿಗಾಗಲಿ, ಮೂರನೆಯದು ಮನಸ್ಸೊಪ್ಪದವರಿಗಾಗಲಿ. ಮೊದಲನೆಯದರಲ್ಲಿ ವಾತ್ಸಲ್ಯವಿದೆ, ಎರಡನೆಯದರಲ್ಲಿ ದಾಸೋಹವಿದೆ. ಮೂರನೆಯದನ್ನು ಹೆಣೆಯಬಲ್ಲ ಕೈ ಶರಣರ ಹಾದಿಯನ್ನು ಹಿಡಿದ ಕೈ. ಅಂತಹ ಕೈಗಳಿಗೆ ಶರಣು ಶರಣಾರ್ಥಿ.