ಹಳೆಯ ಕಾರಿನ ಹೊಸ ಟೈರು

ಒಂದು ವಸ್ತುವಿನ ಅಂಗಗಳು ಒಂದರ ಹಿಂದೊಂದು ಬದಲಾಗುತ್ತ ಹೋದಲ್ಲಿ ಆ ವಸ್ತು ಎಲ್ಲಿಯವರೆಗೆ ಅದೇ ವಸ್ತುವೆನಿಸಿಕೊಳ್ಳಬಲ್ಲದು, ಎಲ್ಲಿಂದ ಮುಂದೆ ಅದು ಹಳೆಯ ಹೆಸರನ್ನು ಹೊತ್ತ ಬೇರೊಂದು ವಸ್ತುವಾಗಿಬಿಡುತ್ತದೆ ಎಂಬ ಪ್ರಶ್ನೆಯನ್ನು ತತ್ತ್ವಜಿಜ್ಞಾಸುಗಳು ರಥವನ್ನೋ ಹಡಗನ್ನೋ ಮುಂದಿರಿಸಿಕೊಂಡು ಸುಮಾರು ಎರಡು ಸಹಸ್ರ ವರ್ಷಗಳಿಂದ ಚರ್ಚಿಸುತ್ತ ಬಂದಿದ್ದಾರೆ. ಅವರಲ್ಲಿ ಬಹುಮಂದಿಗೆ ಆ ರಥವನ್ನು ಮರುದಿನ ಬೆಳಗ್ಗೆ ಬೀದಿಗಿಳಿಸಿ ಓಡಿಸಬೇಕಾದ ಹೊಣೆ ಇರಲಿಲ್ಲ. ಆ ಹೊಣೆಯನ್ನು ಈಗ ಹೊತ್ತಿರುವವರು ಅರುವತ್ತು ವರ್ಷಗಳ ಹಿಂದಿನ ಸ್ಪೋರ್ಟ್ಸ್ ಕಾರೊಂದನ್ನು ಜೋಪಾನ ಮಾಡಿಕೊಂಡು ಬಂದಿರುವ ಶ್ರದ್ಧಾಳುಗಳು. ಆ ಪ್ರಾಚೀನ ಪ್ರಶ್ನೆ ಅವರ ಮುಂದೆ ಬಂದು ನಿಲ್ಲುವುದು, ಇದಕ್ಕೆ ಯಾವ ಟೈರು ಹಾಕಿಸಬೇಕು ಎಂಬ ವ್ಯಾವಹಾರಿಕ ವೇಷದಲ್ಲಿ.

ಜಾಗ್ವಾರ್ ಇ-ಟೈಪ್ ಎಂಬ ಇಂಗ್ಲೆಂಡಿನ ಕಾರನ್ನೇ ತೆಗೆದುಕೊಳ್ಳೋಣ. 1961ರ ಮಾರ್ಚ್ ತಿಂಗಳಲ್ಲಿ ಜಿನೀವಾ ನಗರದಲ್ಲಿ ಲೋಕದ ಕಣ್ಣಿಗೆ ಬಿದ್ದ ಆ ಕಾರಿನ ಮೈಯನ್ನು ರೇಖಿಸಿದವನು ವಿಮಾನವಿದ್ಯೆಯಲ್ಲಿ ಪಳಗಿದ ಮಾಲ್ಕಮ್ ಸೇಯರ್. ಅದರ ಒಡಲೊಳಗೆ 3.8 ಲೀಟರಿನ ಆರು ಸಿಲಿಂಡರುಗಳ ಎಂಜಿನು. ಗಂಟೆಗೆ 150 ಮೈಲಿ ಎಂಬ ಅದರ ವೇಗದ ಖ್ಯಾತಿ ಅಂದಿನ ಪತ್ರಿಕೆಗಳಲ್ಲೆಲ್ಲ ಹಬ್ಬಿದ್ದಿತು. ಇಷ್ಟೆಲ್ಲ ವೈಭವವೂ ನೆಲವನ್ನು ಮುಟ್ಟುತ್ತಿದ್ದುದು ತಂತಿಕಡ್ಡಿಗಳಿಂದ ಹೆಣೆದ ನಾಲ್ಕು ಚಕ್ರಗಳ ಮೇಲೆ ಕೂರಿಸಿದ ಡನ್ಲಪ್ ಆರ್‌ಎಸ್5 ಎಂಬ ಟೈರುಗಳ ಮೂಲಕ, ಅದೂ ಒಂದೊಂದು ಟೈರಿನಲ್ಲಿ ಹೆಚ್ಚುಕಡಮೆ ಅಂಗೈಯಗಲದಷ್ಟು ಜಾಗದಲ್ಲಿ ಮಾತ್ರ. ಎಂಜಿನಿನ ಬಲವಾಗಲಿ, ಬ್ರೇಕಿನ ಹಿಡಿತವಾಗಲಿ, ಸ್ಟೀರಿಂಗನ್ನು ತಿರುಗಿಸಿದವನ ಇಚ್ಛೆಯಾಗಲಿ, ಆ ನಾಲ್ಕು ಅಂಗೈಗಳಷ್ಟು ರಬ್ಬರನ್ನು ಹಾದುಹೋಗದೆ ರಸ್ತೆಯನ್ನು ತಲಪಲಾರದು. ಕಾರಿನ ಗುಣವೆಂದು ನಾವು ಹೊಗಳುವುದರಲ್ಲಿ ಎಷ್ಟೋ ಪಾಲು ವಾಸ್ತವವಾಗಿ ಟೈರಿನ ಗುಣ.

ಆದರೂ ಹಳೆಯ ಕಾರುಗಳ ಲೋಕದಲ್ಲಿ ಟೈರಿಗೆ ಕುಲೀನತೆಯಿಲ್ಲ. ಚಾಸಿಯ ಸಂಖ್ಯೆ, ಎಂಜಿನಿನ ಸಂಖ್ಯೆ, ಗೇರ್‌ಬಾಕ್ಸಿನ ಸಂಖ್ಯೆ ಇವು ಕಾರ್ಖಾನೆಯ ದಾಖಲೆಯೊಡನೆ ಹೊಂದಿಕೊಂಡರೆ ಕಾರು ಶುದ್ಧವಂಶದ್ದೆಂದು ಎಣಿಕೆ. ಹೊಂದದಿದ್ದರೆ ಬೆಲೆ ಕುಸಿಯಿತು. ಮೂಲದ ಬಾಗಿಲೊಂದನ್ನು ತೆಗೆದು ಹೊಸತನ್ನು ಜೋಡಿಸಿದವನು ಅದಕ್ಕಾಗಿ ಕ್ಷಮೆ ಕೇಳುವ ದನಿಯಲ್ಲಿ ಮಾತನಾಡುತ್ತಾನೆ. ಟೈರು ಬದಲಾಯಿಸಿದವನನ್ನು ಯಾರೂ ಏನೂ ಕೇಳುವುದಿಲ್ಲ. ಥೀಸಿಯಸನ ಹಡಗಿನ ಹಲಗೆಗಳನ್ನು ಅಥೆನ್ಸಿನವರು ಒಂದೊಂದಾಗಿ ಬದಲಿಸಿದರೆಂಬ ಪ್ಲುಟಾರ್ಕನ ವೃತ್ತಾಂತಕ್ಕೆ ಹದಿನೇಳನೆಯ ಶತಮಾನದಲ್ಲಿ ಥಾಮಸ್ ಹಾಬ್ಸನು ಒಂದು ಕೊಂಕು ಸೇರಿಸಿದನು: ಕಿತ್ತೊಗೆದ ಹಳೆಯ ಹಲಗೆಗಳನ್ನೇ ಯಾರೋ ಕೂಡಿಟ್ಟು ಎರಡನೆಯ ಹಡಗನ್ನು ಕಟ್ಟಿದರೆ ನಿಜವಾದ ಹಡಗು ಯಾವುದು? ಕಾರಿನ ಮೈತಗಡುಗಳ ವಿಷಯದಲ್ಲಿ ಈ ತಕರಾರು ಸಂಭವನೀಯವೇ. ಕಿತ್ತೊಗೆದ ಟೈರುಗಳನ್ನು ಕೂಡಿಟ್ಟುಕೊಂಡು, ನಿಜವಾದ ಕಾರು ನನ್ನಲ್ಲಿದೆ ಎಂದು ಹೇಳಬರುವವನು ಮಾತ್ರ ಲೋಕದಲ್ಲಿಲ್ಲ. ಹೀಗೆ, ವಸ್ತುವಿನ ಅಸ್ಮಿತೆಯಲ್ಲಿ ಯಾವ ಪಾಲೂ ಇಲ್ಲವೆಂದು ಎಲ್ಲರೂ ಒಪ್ಪಿದ ಅಂಗವೇ ಆ ವಸ್ತುವಿನ ನಡತೆಯನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಣಯಿಸುತ್ತಿದೆ. ನನ್ನ ಕುತೂಹಲವಿರುವುದು ಈ ವೈಪರೀತ್ಯದಲ್ಲಿ.

ಮಿಲಿಂದರಾಜನು ನಾಗಸೇನ ಭಿಕ್ಷುವನ್ನು ಕಾಣಬಂದಾಗ ಭಿಕ್ಷು ಕೇಳಿದ ಪ್ರಶ್ನೆ ಪ್ರಸಿದ್ಧವಾದುದು. ನಡುಹಗಲಿನ ಕಾದ ಮರಳಿನ ಮೇಲೆ ನಡೆದುಬಂದೆಯೋ, ವಾಹನದಲ್ಲಿ ಬಂದೆಯೋ ಎಂದು ಮೊದಲು ವಿಚಾರಿಸಿ, ರಥದಲ್ಲಿ ಬಂದೆನೆಂದು ಅರಸನು ಹೇಳಿದ ಮೇಲೆ, ಈಸು ರಥವೋ, ಅಚ್ಚು ರಥವೋ, ಗಾಲಿ ರಥವೋ, ನೊಗ ರಥವೋ ಎಂದು ಒಂದೊಂದನ್ನೇ ತೆಗೆದು, ಕೊನೆಗೆ ರಥವೆಂಬುದು ಇವೆಲ್ಲದರ ಆಶ್ರಯದಿಂದ ಹುಟ್ಟಿದ ವ್ಯವಹಾರನಾಮವಷ್ಟೇ ಎಂದು ಆತನ ಬಾಯಿಂದಲೇ ಹೊರಡಿಸಿದನು. ನ್ಯಾಯವೈಶೇಷಿಕರು ಇದನ್ನೊಪ್ಪರು. ಅವಯವಗಳಿಗಿಂತ ಭಿನ್ನವಾದ ಅವಯವಿಯೊಂದು ಉಂಟು; ಆದರೆ ಒಂದು ಅವಯವ ಕಳಚಿಹೋದ ಕ್ಷಣವೇ ಹಳೆಯ ಅವಯವಿ ನಾಶವಾಗಿ ಹೊಸತೊಂದು ಹುಟ್ಟುತ್ತದೆ ಎಂಬುದು ಅವರ ಕಟ್ಟುನಿಟ್ಟಾದ ಲೆಕ್ಕ. ಆ ಲೆಕ್ಕದಂತೆ ಪ್ರತಿಯೊಂದು ಟೈರಂಗಡಿಯ ಮುಂದೆಯೂ ದಿನಕ್ಕೆ ಎಷ್ಟೋ ಕಾರುಗಳು ಸತ್ತು ಹುಟ್ಟುತ್ತಿರಬೇಕು. ತರ್ಕ ನಿರ್ದುಷ್ಟವಾಗಿರಬಹುದು, ಕಾರಿನ ಯಜಮಾನನಿಗೆ ಅದರಿಂದ ಉಪಕಾರವಿಲ್ಲ.

ನನಗೆ ಹೆಚ್ಚು ಉಪಕಾರ ಮಾಡಿದವರು ಜೈನ ದಾರ್ಶನಿಕರು. ಹುಟ್ಟುವುದು, ಅಳಿಯುವುದು, ನಿಲ್ಲುವುದು ಈ ಮೂರೂ ಸತ್ತೆಯ ಲಕ್ಷಣಗಳೇ ಎಂದು ಹೇಳಿದ ಆ ಪರಂಪರೆಯಲ್ಲಿ ಸಮಂತಭದ್ರಾಚಾರ್ಯರು ‘ಆಪ್ತಮೀಮಾಂಸೆ’ಯಲ್ಲಿ ಒಂದು ದೃಷ್ಟಾಂತ ಕೊಡುತ್ತಾರೆ: ಹೊನ್ನಿನ ಕೊಡವನ್ನು ಕರಗಿಸಿ ಕಿರೀಟ ಮಾಡಿದಾಗ, ಕೊಡ ಬೇಕೆಂದವನು ದುಃಖಿಸುತ್ತಾನೆ, ಕಿರೀಟ ಬೇಕೆಂದವನು ಹರ್ಷಿಸುತ್ತಾನೆ, ಹೊನ್ನು ಬೇಕೆಂದವನು ಸುಮ್ಮನಿರುತ್ತಾನೆ. ನಡೆದ ಕಾರ್ಯವೊಂದೇ, ಅದರಲ್ಲಿ ಏನು ಕಳೆಯಿತು, ಏನು ಉಳಿಯಿತು ಎಂಬುದು ಅಪೇಕ್ಷಿಸಿದವನ ಅಪೇಕ್ಷೆಯ ಮೇಲೆ ನಿಂತಿದೆ. ಆದುದರಿಂದ ಹಳೆಯ ಕಾರಿನ ಯಜಮಾನನಿಗೆ ಕೇಳಬೇಕಾದ ಮೊದಲ ಪ್ರಶ್ನೆ ಟೈರಿನದಲ್ಲ: ಅಯ್ಯಾ, ನೀನು ಉಳಿಸಿಕೊಳ್ಳಬೇಕೆಂದಿರುವುದು ಯಾವುದನ್ನು? 1961ರ ದ್ರವ್ಯವನ್ನೋ, 1961ರ ರೂಪವನ್ನೋ, 1961ರ ನಡಿಗೆಯನ್ನೋ?

ದ್ರವ್ಯವನ್ನೇ ಅಪೇಕ್ಷಿಸುವವನು ಅಪರೂಪಕ್ಕೆ ಸಿಕ್ಕುತ್ತಾನೆ. ಯಾವುದೋ ಕೊಟ್ಟಿಗೆಯ ಮೂಲೆಯಲ್ಲಿ ದಶಕಗಳ ಕಾಲ ಬಿದ್ದಿದ್ದು, ಒಮ್ಮೆಯೂ ರಸ್ತೆ ಕಾಣದ, ಮೇಲ್ಮೈಯ ಗೆರೆಗಳು ಒಂದಿಷ್ಟೂ ಸವೆಯದ ಟೈರು ಅವನಿಗೆ ದೊರೆತರೆ ನಿಧಿ ದೊರೆತಷ್ಟು ಸಂತೋಷ. ಆ ಟೈರನ್ನು ಬೆಳಕಿಗೆ ಹಿಡಿದು, ಅದರ ಪಕ್ಕದ ಗೋಡೆಯಲ್ಲಿ ಉಬ್ಬಕ್ಷರಗಳ ಬುಡವನ್ನು ಹೆಬ್ಬೆರಳಿನಿಂದ ಒತ್ತಿ ನೋಡಬೇಕು: ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಸಾಲುಸಾಲಾಗಿ ಬಾಯಿ ತೆರೆಯುತ್ತವೆ, ಒತ್ತಿದ ಕಡೆ ರಬ್ಬರು ಮಣಿಯದೆ ಕೊರಡಿನಂತೆ ನಿಲ್ಲುತ್ತದೆ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಗಂಧಕವನ್ನು ಬೆರೆಸಿ ಕಾಯಿಸಿ ರಬ್ಬರಿಗೆ ಸ್ಥೈರ್ಯವನ್ನು ತಂದುಕೊಟ್ಟನು. ಅಮರತ್ವವನ್ನು ಕೊಡಲು ಅವನಿಂದಾಗಲಿಲ್ಲ. ಗಾಳಿಯಲ್ಲಿನ ಆಮ್ಲಜನಕವೂ ಓಜೋನೂ ಬಿಸಿಲೂ ಅದರ ಅಣುಸರಪಳಿಗಳನ್ನು ಅನುದಿನವೂ ಕಡಿಯುತ್ತಲೋ ಬಿಗಿಯುತ್ತಲೋ ಇರುತ್ತವೆ. ಇನ್ನೊಂದು ವಿಚಿತ್ರ: ಬಿರುಕನ್ನು ತಡೆಯಲೆಂದು ರಬ್ಬರಿನೊಳಗೆ ಸೇರಿಸುವ ಮೇಣ ಮೇಲಕ್ಕೆ ಚೆನ್ನಾಗಿ ಒಸರಿಬರುವುದು ಟೈರು ಉರುಳಿ ಬಾಗಿ ಮಣಿಯುತ್ತಿದ್ದರೆ; ಆದುದರಿಂದ ದುಡಿಯುವ ಟೈರಿಗಿಂತ ಸುಮ್ಮನೆ ನಿಂತ ಟೈರು ಬೇಗ ಸೀಳುವುದುಂಟು. ಸವೆದಿಲ್ಲವೆಂಬ ಕಾರಣದಿಂದ ಅದು ಉಳಿದಿದೆ ಎಂದು ತಿಳಿಯುವವನು ದ್ರವ್ಯದ ಹೆಸರಿನಲ್ಲಿ ದ್ರವ್ಯದ ಶವವನ್ನು ಕಾಪಾಡುತ್ತಿದ್ದಾನೆ. ವಸ್ತುಸಂಗ್ರಹಾಲಯದಲ್ಲಿ ಅಲುಗದೆ ನಿಲ್ಲುವ ಕಾರಿಗೆ ಅಂಥ ಟೈರು ಇರಲಿ, ಆಕ್ಷೇಪವಿಲ್ಲ. ಗರ್ಭಗುಡಿಯ ಮೂಲವಿಗ್ರಹಕ್ಕೂ ಬೀದಿಗೆ ಬರುವ ಉತ್ಸವಮೂರ್ತಿಗೂ ನಿಯಮಗಳು ಬೇರೆಬೇರೆಯಾಗಿಯೇ ಇವೆ.

ಇದಕ್ಕೆ ತೀರ ವಿರುದ್ಧವಾದ ತುದಿಯಲ್ಲಿ ಇನ್ನೊಬ್ಬನಿದ್ದಾನೆ. ಇಂದಿನ ಟೈರು ಅಂದಿನದಕ್ಕಿಂತ ಎಲ್ಲ ವಿಧದಲ್ಲಿಯೂ ಉತ್ತಮವಾಗಿರುವಾಗ, ಅಗಲವಾದ, ಗೋಡೆ ತಗ್ಗಾದ, ಹೊಚ್ಚಹೊಸ ನಮೂನೆಯದನ್ನೇ ಏಕೆ ಹಾಕಬಾರದು ಎಂಬುದು ಅವನ ವಾದ. ಟೈರನ್ನು ಪ್ರತ್ಯೇಕವಾಗಿ ತೂಗಿ ನೋಡಿದರೆ ಅವನ ಮಾತು ಸುಳ್ಳಲ್ಲ. ಆದರೆ ಆ ಕಾರಿನ ಕಂಬಿಸ್ಪ್ರಿಂಗುಗಳು, ಚಕ್ರದ ಬೇರಿಂಗುಗಳು, ಐದಂಗುಲ ಅಗಲದ ರಿಮ್ಮಿಗೆ ಬಿಗಿದ ತಂತಿಕಡ್ಡಿಗಳು ಇವೆಲ್ಲ ಒಂದು ಮಿತಿಯ ಹಿಡಿತವನ್ನು ಲೆಕ್ಕಕ್ಕೆ ತೆಗೆದುಕೊಂಡು ರಚಿತವಾದವು. ಅದಕ್ಕೆ ಮೀರಿದ ಹಿಡಿತ ಬಂದಾಗ ತಿರುವಿನ ಬಲವೆಲ್ಲ ಕಡ್ಡಿಗಳ ಮೇಲೂ ಬೇರಿಂಗಿನ ಮೇಲೂ ಬೀಳುತ್ತದೆ. ಕಾರನ್ನು ನಿಲ್ಲಿಸುವಾಗ ಸ್ಟೀರಿಂಗು ಕಲ್ಲಿನಂತೆ ಭಾರವಾಗುತ್ತದೆ. ಗೋಡೆ ತಗ್ಗಾದ ಟೈರಿನ ಸುತ್ತಳತೆ ಕಡಮೆಯಾದುದರಿಂದ ವೇಗಮಾಪಕ ಇದ್ದುದಕ್ಕಿಂತ ಹೆಚ್ಚು ತೋರಿಸುತ್ತದೆ, ಅದೇ ವೇಗಕ್ಕೆ ಎಂಜಿನು ಹೆಚ್ಚು ಸುತ್ತಬೇಕಾಗುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಹಳೆಯ ಕಿರಿದಾದ ಟೈರು ಜಾರುವ ಮುನ್ನ ಸಾಕಷ್ಟು ಮುಂಚಿನಿಂದಲೇ ಚಾಲಕನ ಕೈಗೆ ಸೂಚನೆ ಕೊಡುತ್ತಿದ್ದಿತು. ಅಗಲದ ಟೈರು ಬಹಳ ಹೊತ್ತು ಹಿಡಿದಿದ್ದು ಒಮ್ಮೆಲೇ ಬಿಟ್ಟುಬಿಡುತ್ತದೆ. ಸ್ವಧರ್ಮ ಗುಣಹೀನವಾಗಿ ತೋರಿದರೂ ಪರಧರ್ಮ ಅದಕ್ಕಿಂತ ಅಪಾಯಕರವೆಂಬ ಗೀತೆಯ ವಿಚಾರ ಯಂತ್ರಗಳಿಗೂ ಸಲ್ಲುತ್ತದೆಂದು ನಾನು ಮೊದಲು ಮನಗಂಡದ್ದು ಈ ಪ್ರಸಂಗದಲ್ಲಿ.

ಹಾಗಾದರೆ ಸ್ವಧರ್ಮ ಯಾವುದು? 1961ರಲ್ಲಿ ಹಾಕಿದ್ದ ಆರ್‌ಎಸ್5 ಟೈರು ಕ್ರಾಸ್-ಪ್ಲೈ ಜಾತಿಯದು, 6.40×15 ಅಳತೆಯದು, ಅದರೊಳಗಿನ ನೂಲಿನ ಪದರಗಳು ಓರೆಯಾಗಿ ಒಂದನ್ನೊಂದು ಕತ್ತರಿಸುತ್ತ ಹಾಯುವುದರಿಂದ ಗೋಡೆಯೂ ಮೇಲ್ಮೈಯೂ ಒಂದೇ ಗಟ್ಟಿ ಚೀಲದಂತೆ ವರ್ತಿಸುತ್ತವೆ, ರಸ್ತೆಯ ಉದ್ದದ ಕೊರಕಲು ಸಿಕ್ಕಿದರೆ ಅದರ ಬೆನ್ನುಹತ್ತಿ ಹೋಗುತ್ತವೆ. ಮಿಷೆಲಿನ್ ಸಂಸ್ಥೆ 1946ರಲ್ಲಿಯೇ ಪೇಟೆಂಟು ಪಡೆದಿದ್ದ ರೇಡಿಯಲ್ ಟೈರಿನಲ್ಲಾದರೋ ನೂಲುಗಳು ಅಂಚಿನಿಂದಂಚಿಗೆ ನೆಟ್ಟಗೆ ಹಾಯುತ್ತವೆ, ಮೇಲ್ಮೈಯ ಕೆಳಗೆ ಬಿಗಿಯಾದ ಪಟ್ಟಿಯಿರುತ್ತದೆ. ಗೋಡೆ ಬಳುಕಿದರೂ ಮೇಲ್ಮೈ ನೆಲಕ್ಕೆ ಚಪ್ಪಟೆಯಾಗಿ ಅಂಟಿಕೊಂಡಿರುತ್ತದೆ. ಇ-ಟೈಪಿನ ತಯಾರಕರೇ ಕೆಲವು ವರ್ಷಗಳೊಳಗೆ, ಅದೇ ಸಸ್ಪೆನ್ಷನ್ನನ್ನು ಹಾಗೆಯೇ ಇಟ್ಟುಕೊಂಡು, ಕ್ರಾಸ್-ಪ್ಲೈಯನ್ನು ಬಿಟ್ಟು 185 ಮಿಲಿಮೀಟರಿನ ಎಸ್‌ಪಿ41 ರೇಡಿಯಲ್ಲಿಗೆ ಬಂದರು. ಶಾಸ್ತ್ರಕಾರನೇ ತನ್ನ ಸೂತ್ರಕ್ಕೆ ವೃತ್ತಿ ಬರೆದಂತಾಯಿತು. ಸೂತ್ರದ ಅಕ್ಷರಕ್ಕಿಂತ ತಾತ್ಪರ್ಯ ದೊಡ್ಡದೆಂದು ಹೇಳುವ ನಮ್ಮ ಮೀಮಾಂಸಕರು ಇಲ್ಲಿದ್ದಿದ್ದರೆ ರೇಡಿಯಲ್ಲಿನ ಪಕ್ಷ ವಹಿಸುತ್ತಿದ್ದರು.

ಆಗ ಆ ಎರಡನೆಯ ಮನುಷ್ಯ ಮತ್ತೆ ಎದ್ದು ನಿಲ್ಲುತ್ತಾನೆ: ತಾತ್ಪರ್ಯವೇ ಪ್ರಮಾಣವಾದರೆ, ಆ ತಯಾರಕನು ಇಂದು ಬದುಕಿದ್ದಿದ್ದರೆ ಇಂದಿನ ಟೈರನ್ನೇ ಹಾಕುತ್ತಿರಲಿಲ್ಲವೆ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹಾಕುತ್ತಿದ್ದನು, ನಿಜ, ಆದರೆ ಇಂದಿನ ಟೈರನ್ನು ಕೈಯಲ್ಲಿ ಹಿಡಿದವನು ಇಂದಿನ ಸ್ಪ್ರಿಂಗು, ಇಂದಿನ ಚಕ್ರ, ಇಂದಿನ ಬ್ರೇಕುಗಳನ್ನೂ ಕೂಡಿಯೇ ಯೋಚಿಸುತ್ತಿದ್ದನು, ಹುಟ್ಟುತ್ತಿದ್ದುದು ಬೇರೊಂದೇ ಕಾರು. ತಾತ್ಪರ್ಯವೆಂಬುದು ಅಖಂಡವಾದ ಅವಯವಿಗೆ ಸೇರಿದ್ದು; ಅದರಿಂದ ಒಂದೇ ಒಂದು ಅಂಗದ ಪಾಲನ್ನು ಕಿತ್ತುಕೊಂಡು ಇನ್ನೊಂದು ಯುಗಕ್ಕೆ ಸಾಗಿಸಬರುವುದಿಲ್ಲ. ನ್ಯಾಯವೈಶೇಷಿಕರನ್ನು ಮೇಲೆ ಗೇಲಿ ಮಾಡಿದ ನಾನು ಇಲ್ಲಿ ಅವರಿಗೆ ಋಣಿ.

ಧರ್ಮಜಗತ್ತಿನಲ್ಲಿ ಈ ಸಮಸ್ಯೆಗೆ ನಾನು ಬಲ್ಲ ಅತ್ಯಂತ ಧೀರವಾದ ಪರಿಹಾರ ಪುರಿಯ ಜಗನ್ನಾಥನದು. ಅಧಿಕ ಆಷಾಢ ಬರುವ ವಿಶಿಷ್ಟ ವರ್ಷಗಳಲ್ಲಿ, ಈಚೆಗೆ 1996ರಲ್ಲಿ ಮತ್ತು 2015ರಲ್ಲಿ ನಡೆದಂತೆ, ಬೇವಿನ ಮರದಿಂದ ಹೊಸ ಮೂರ್ತಿಗಳನ್ನು ಕಡೆದು, ರಾತ್ರಿಯ ಕತ್ತಲಲ್ಲಿ ಕಣ್ಣು ಕಟ್ಟಿಕೊಂಡ ದೈತಾಪತಿಗಳೆಂಬ ಸೇವಕರು ಹಳೆಯ ಮೂರ್ತಿಯಿಂದ ಬ್ರಹ್ಮಪದಾರ್ಥವನ್ನು ಹೊಸದಕ್ಕೆ ಸಾಗಿಸುತ್ತಾರೆ. ಹಳೆಯ ದಾರುವಿಗೆ ಕೊಯಿಲಿ ವೈಕುಂಠವೆಂಬ ಸ್ಥಳದಲ್ಲಿ ಸಮಾಧಿಯಾಗುತ್ತದೆ. ಮರ ಹಳತಾಗುವುದನ್ನು ಅಲ್ಲಿ ಯಾರೂ ಮುಚ್ಚಿಡುವುದಿಲ್ಲ, ಅದಕ್ಕಾಗಿ ನಾಚುವುದೂ ಇಲ್ಲ. ಆದರೆ ಹೊಸ ಮೂರ್ತಿಯ ಅಳತೆ, ಆಕಾರ, ಮರದ ಜಾತಿ ಇವು ಪರಂಪರೆಯವೇ ಆಗಿರತಕ್ಕದ್ದು. ಇನ್ನೂ ಗಟ್ಟಿಯಾದ ಮರವೊಂದು ಪೇಟೆಯಲ್ಲಿದೆಯೆಂದು ಯಾರೂ ಅದನ್ನು ತರುವುದಿಲ್ಲ.

ಟೈರಿನ ವಿಷಯದಲ್ಲಿ ಇದಕ್ಕೆ ಸಮೀಪವಾದ ದಾರಿಯೊಂದು ತೆರೆದೇ ಇದೆ. ಪಿರೆಲ್ಲಿ, ಮಿಷೆಲಿನ್ ಮೊದಲಾದ ಸಂಸ್ಥೆಗಳು ತಮ್ಮ ಹಳೆಯ ನಮೂನೆಗಳನ್ನು ಅದೇ ಅಳತೆಯಲ್ಲಿ, ಅದೇ ಮೇಲ್ಮೈಗೆರೆಗಳೊಡನೆ, ಹೊಸ ರಬ್ಬರಿನಲ್ಲಿ ಈಗಲೂ ಎರಕ ಹೊಯ್ಯುತ್ತಿವೆ. ಒಣ ರಸ್ತೆಯಲ್ಲಿ, ನಿಧಾನವಾಗಿ, 1961ರ ನಡಿಗೆಯನ್ನೇ ಅನುಭವಿಸಬೇಕೆಂಬ ತಿಳಿದ ಚಾಲಕನು ಕ್ರಾಸ್-ಪ್ಲೈಯನ್ನು ಆರಿಸಿಕೊಂಡರೆ ನಾನು ಬೇಡವೆನ್ನೆನು. ಮಳೆಯಲ್ಲಿಯೂ ಸಂದಣಿಯಲ್ಲಿಯೂ ಓಡಿಸುವವನು ಮಾತ್ರ ರಸ್ತೆ ತನ್ನೊಬ್ಬನದಲ್ಲವೆಂಬುದನ್ನು ನೆನೆಯಬೇಕು: ಮುಂದಿನ ಹೊಸ ಕಾರು ಕ್ಷಣದಲ್ಲಿ ನಿಲ್ಲುತ್ತದೆ, ದಾಟುತ್ತಿರುವ ಮಗುವಿಗೆ ಈ ಕಾರಿನ ವಂಶಾವಳಿ ತಿಳಿಯದು. ಗತಕಾಲದ ನಿಷ್ಠೆಗಾಗಿ ಪರರ ಪ್ರಾಣವನ್ನು ಪಣವೊಡ್ಡುವ ಅಧಿಕಾರ ಯಾವ ಪ್ರಾಚೀನವಸ್ತುಪ್ರೇಮಿಗೂ ಇಲ್ಲ. ನನ್ನ ತೀರ್ಪು, ಆದುದರಿಂದ, ಹೊಸದಾಗಿ ತಯಾರಾದ 185ರ ಹಳೆಯ ಅಳತೆಯ ರೇಡಿಯಲ್ಲಿನ ಪರ. ನಾಲ್ಕೂ ಚಕ್ರಗಳಿಗೆ ಒಂದೇ ಜಾತಿಯದು, ತಂತಿಕಡ್ಡಿಯ ಚಕ್ರಕ್ಕೆ ಒಳಗೆ ಟ್ಯೂಬು ಸಹಿತ. ಮುಂದೆ ರೇಡಿಯಲ್ಲೂ ಹಿಂದೆ ಕ್ರಾಸ್-ಪ್ಲೈಯೂ ಹಾಕಿದರೆ, ಮುಂಗಾಲಿ ಹಿಡಿದು ಹಿಂಗಾಲಿ ಜಾರಿ ಕಾರು ಬುಗುರಿಯಾಗುತ್ತದೆ. ಇಂಗ್ಲೆಂಡಿನ ಕಾನೂನೇ ಅದನ್ನು ನಿಷೇಧಿಸಿದೆ.

ಕೊಳ್ಳುವ ಮುನ್ನ ಅಂಗಡಿಯವನ ಮಾತನ್ನು ಅರ್ಧ ಕೇಳಿ, ಟೈರಿನ ಪಕ್ಕದಲ್ಲಿರುವ ನಾಲ್ಕಂಕಿಯ ಮುದ್ರೆಯನ್ನು ಪೂರ್ತಿ ಓದಿ. ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ. 2319 ಎಂದಿದ್ದರೆ ಅದು 2019ನೆಯ ಇಸವಿಯ 23ನೆಯ ವಾರದಲ್ಲಿ ಹುಟ್ಟಿದ್ದು. ಮೂರೇ ಅಂಕಿಗಳಿದ್ದರೆ ಅದು 2000ಕ್ಕಿಂತ ಹಿಂದಿನದು. ಗೆರೆ ಎಷ್ಟೇ ಆಳವಾಗಿರಲಿ, ಅದನ್ನು ಅಲ್ಲಿಯೇ ಬಿಟ್ಟು ಬನ್ನಿ.