ಮನೆಪಾಠದ ಕೂಲಿಯೂ ಮನಸ್ಸಾಕ್ಷಿಯೂ



ಹೈಸ್ಕೂಲಿನಲ್ಲಿಯೂ ಕಾಲೇಜಿನಲ್ಲಿಯೂ ಓದುವ ಮಕ್ಕಳನ್ನು ಸಾಯಂಕಾಲದಲ್ಲಿ ಹಣಕೊಟ್ಟು ಮನೆಪಾಠಕ್ಕೆ ಕಳುಹಿಸುವ ರೂಢಿಯು ಪಟ್ಟಣಗಳಿಂದ ನಮ್ಮ ಹಳ್ಳಿಗಳಿಗೂ ಬಂದಿದೆ. ಎಸ್.ಎಸ್.ಎಲ್.ಸಿ. ತರಗತಿಯಲ್ಲಿ ಗಣಿತಕ್ಕೂ ಇಂಗ್ಲಿಷಿಗೂ, ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರಕ್ಕೂ ರಸಾಯನಶಾಸ್ತ್ರಕ್ಕೂ ಟ್ಯೂಶನ್ ಇಲ್ಲದೆ ಗತಿಯಿಲ್ಲವೆಂದು ಅನೇಕ ತಂದೆತಾಯಿಗಳು ನಂಬಿದ್ದಾರೆ. ಕೂಲಿಮಾಡುವವನು ಸಾಲಮಾಡಿ ಕೊಡುತ್ತಾನೆ. ಸಾಲವೂ ಹುಟ್ಟದವನ ಮಗಳು ಹಿಂದೆ ಉಳಿಯುತ್ತಾಳೆ. ವಿದ್ಯೆಯನ್ನು ಹೀಗೆ ಮಾರುವುದು ನ್ಯಾಯವೋ? ಕ್ರೈಸ್ತನಾದ ಶಿಕ್ಷಕನು ಈ ಹಣವನ್ನು ಮುಟ್ಟಬಹುದೋ? ಇದನ್ನು ಸತ್ಯವೇದದ ಬೆಳಕಿನಲ್ಲಿ ವಿಚಾರಿಸೋಣ.

ಮೊದಲನೆಯದಾಗಿ, ಕಲಿಸಿದ್ದಕ್ಕೆ ಕೂಲಿ ತೆಗೆದುಕೊಳ್ಳುವುದು ತಾನಾಗಿಯೇ ಪಾಪವಲ್ಲ. ಕೆಲಸದವನು ತನ್ನ ಕೂಲಿಗೆ ಯೋಗ್ಯನೆಂಬದು ವೇದದ ಬೋಧನೆ. ಉಪದೇಶ ಹೊಂದುವವನು ಉಪದೇಶಿಸುವವನ ಪೋಷಣೆಯಲ್ಲಿ ಪಾಲುಗಾರನಾಗಬೇಕೆಂದು ಪೌಲನು ಗಲಾತ್ಯದ ಸಭೆಗಳಿಗೆ ಬರೆದನು. ಪದವಿ ಪಡೆದೂ ಉದ್ಯೋಗ ಸಿಕ್ಕದ ಯೌವನಸ್ಥನೊಬ್ಬನು ದಿನಾಲು ಎರಡು ತಾಸು ಮಕ್ಕಳ ಬಳಿಯಲ್ಲಿ ಕುಳಿತು ಬೀಜಗಣಿತವನ್ನು ತಿಳಿಸಿದರೆ, ಅವನ ಹಣವು ನೇಯ್ಗೆಯವನ ಹಣದಷ್ಟೇ ಶುದ್ಧವಾದದ್ದು. ಅವನನ್ನು ನಿಂದಿಸುವುದು ನಮಗೆ ಯುಕ್ತವಲ್ಲ.

ಹಾಗಾದರೆ ಪಾಪವು ಎಲ್ಲಿ ಪ್ರಾರಂಭವಾಗುತ್ತದೆ? ಪ್ರವಾದಿಯಾದ ಎಲೀಷನ ಸೇವಕನಾದ ಗೇಹಜಿಯನ್ನು ನೆನಸಿರಿ. ದೇವರು ನಾಮಾನನಿಗೆ ಕ್ರಯವಿಲ್ಲದೆ ಕೊಟ್ಟ ಸ್ವಸ್ಥತೆಗೆ ಗೇಹಜಿಯು ಓಡಿಹೋಗಿ ಬೆಳ್ಳಿಯನ್ನೂ ವಸ್ತ್ರಗಳನ್ನೂ ತೆಗೆದುಕೊಂಡು, ಯಜಮಾನನ ಮುಂದೆ ಏನೂ ಅರಿಯದವನಂತೆ ನಿಂತನು. ಶಾಲೆಯಲ್ಲಿ ಸಂಬಳ ಹೊಂದುವ ಶಿಕ್ಷಕನು ಹಗಲಿನಲ್ಲಿ ಪಾಠವನ್ನು ಅರ್ಧಕ್ಕೆ ಬಿಟ್ಟು, ಉಳಿದ ಅರ್ಧವನ್ನು ಸಾಯಂಕಾಲ ಮನೆಯಲ್ಲಿ ಮಾರಿದರೆ ಅವನು ಗೇಹಜಿಯ ದಾರಿಯನ್ನೇ ಹಿಡಿದಿದ್ದಾನೆ. ಕೆರೆಯ ನೀರುಗಂಟಿಯು ತೂಬನ್ನು ಮುಚ್ಚಿ, ಅದೇ ನೀರನ್ನು ಅದೇ ಗದ್ದೆಯವರಿಗೆ ಕೊಡದಲ್ಲಿ ಮಾರಿದರೆ ಊರು ಸುಮ್ಮನಿರುವುದೋ? ಟ್ಯೂಶನ್ನಿಗೆ ಬಂದವರಿಗೆ ಅಂಕದಲ್ಲಿ ಕೈನೀಡಿ, ಬಾರದವರ ಮೇಲೆ ಮುಖ ಗಂಟಿಕ್ಕುವುದು ಅದಕ್ಕಿಂತಲೂ ಹೀನವಾದದ್ದು. ಯಾಕಂದರೆ ಹದಿನೈದು ವರುಷದ ಮಗುವಿಗೆ ಇದನ್ನು ಹೇಳಿಕೊಳ್ಳುವ ಸ್ಥಳವಿಲ್ಲ.

ಯಥಾರ್ಥನಾದ ಶಿಕ್ಷಕನೊಬ್ಬನು ಇಲ್ಲಿ ಅಡ್ಡಬಂದು, ನಾನು ತರಗತಿಯಲ್ಲಿ ಏನನ್ನೂ ಬಚ್ಚಿಡುವುದಿಲ್ಲ, ಆದರೆ ಅರವತ್ತು ಮಂದಿಯಲ್ಲಿ ಮಂದಬುದ್ಧಿಯವರಿಗೆ ಮುಕ್ಕಾಲು ತಾಸು ಸಾಲುವುದಿಲ್ಲ, ಮೇಲಣ ಶ್ರಮಕ್ಕೆ ಕೂಲಿ ಬೇಡವೋ ಎಂದು ಕೇಳಬಹುದು. ಈ ಮಾತಿನಲ್ಲಿ ಸತ್ಯವಿದೆ. ಆದರೂ ತನ್ನ ಸ್ವಂತ ಶಿಷ್ಯರಿಂದಲೇ ಹಣ ತೆಗೆದುಕೊಳ್ಳುವವನು ಒಂದು ಗುಪ್ತವಾದ ಬಲೆಯ ಮೇಲೆ ನಡೆಯುತ್ತಾನೆ. ಹಗಲಿನ ಪಾಠವು ಎಷ್ಟು ಕೆಡುತ್ತದೋ ಅಷ್ಟು ಅವನ ಸಾಯಂಕಾಲದ ಆದಾಯವು ಹೆಚ್ಚುತ್ತದೆ. ತನ್ನ ಕೊರತೆಯಿಂದಲೇ ಲಾಭಹೊಂದುವ ಸ್ಥಳದಲ್ಲಿ ಮನುಷ್ಯನು ಬಹುಕಾಲ ಶುದ್ಧನಾಗಿ ನಿಲ್ಲುವುದು ಕಷ್ಟ. ಅಂಥವನು ತನ್ನನ್ನು ಹೀಗೆ ಪರೀಕ್ಷಿಸಿಕೊಳ್ಳಲಿ: ನಾಳೆಯಿಂದ ಈ ಹಣವು ನಿಂತುಹೋದರೆ ನನ್ನ ಶಾಲೆಯ ಪಾಠವು ಉತ್ತಮವಾಗುವುದೋ? ಆಗುವುದಾದರೆ, ಈಗ ಅವನು ಕದಿಯುತ್ತಿದ್ದಾನೆ.

ಇದನ್ನು ತಡೆಯಲು ಕಾಯಿದೆಯೂ ಉಂಟು. 6ರಿಂದ 14 ವರುಷದ ಮಕ್ಕಳ ಶಿಕ್ಷಣಕ್ಕಾಗಿ 2009ರಲ್ಲಿ ಆದ ಕಾಯಿದೆಯ 28ನೆಯ ಪ್ರಕರಣವು ಶಿಕ್ಷಕರು ಖಾಸಗಿ ಪಾಠ ಹೇಳಬಾರದೆಂದು ವಿಧಿಸಿದೆ. ಕೋಚಿಂಗ್ ಕೇಂದ್ರಗಳು 16 ವರುಷಕ್ಕೆ ಕೆಳಗಿನವರನ್ನು ಸೇರಿಸಿಕೊಳ್ಳಬಾರದೆಂದೂ ಇಂಥ ರ‍್ಯಾಂಕ್ ಬರುವುದೆಂದು ಭರವಸೆ ಕೊಡಬಾರದೆಂದೂ ಕೇಂದ್ರ ಸರಕಾರವು 2024ರ ಜನವರಿಯಲ್ಲಿ ಸೂಚನೆಗಳನ್ನು ಹೊರಡಿಸಿತು. ಆದರೆ ಕಾಯಿದೆಯು ಬಾಗಿಲ ತನಕ ಬರುವುದಲ್ಲದೆ ಹೃದಯದೊಳಕ್ಕೆ ಬಾರದು. ದಕ್ಷಿಣ ಕೊರಿಯದಲ್ಲಿ 1980ರಲ್ಲಿ ಮನೆಪಾಠವನ್ನು ನಿಷೇಧಿಸಿದರು. ಅದು ಗುಟ್ಟಾಗಿ ನಡೆಯುತ್ತಲೇ ಇತ್ತು. 2000ದಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯವು ಆ ನಿಷೇಧವನ್ನು ಅಸಿಂಧುವೆಂದು ತೀರ್ಪುಮಾಡಿತು. ಆದಕಾರಣ ಮನಸ್ಸಾಕ್ಷಿಯ ಕೆಲಸವನ್ನು ಸರಕಾರದ ಮೇಲೆ ಹೊರಿಸಿ ನಾವು ನಿಶ್ಚಿಂತರಾಗಿರಲಾಗದು.

ತಂದೆತಾಯಿಗಳಿಗೂ ಒಂದು ಮಾತು. ನೆರೆಮನೆಯ ಮಗನು ಹೋಗುತ್ತಾನೆಂಬ ಕಾರಣದಿಂದ ಸಾಲಕ್ಕೆ ಕೈಯಿಡಬೇಡಿರಿ. ಮಗುವಿಗೆ ಯಾವ ಪಾಠ ತಿಳಿಯದೆಂಬದನ್ನು ಮೊದಲು ಮಗುವನ್ನೂ ಅದರ ಶಿಕ್ಷಕನನ್ನೂ ಕೇಳಿರಿ. ಓದಲು ಒಂದು ಮೂಲೆ, ಒಂದು ದೀಪ, ಸಾಕಷ್ಟು ನಿದ್ರೆ, ಮನೆಯಲ್ಲಿ ಸಮಾಧಾನ, ಇವು ಹಲವು ಸಾರಿ ಟ್ಯೂಶನ್ನಿಗಿಂತ ಹೆಚ್ಚು ಸಹಾಯಮಾಡುತ್ತವೆ. ಆದಿತ್ಯವಾರದ ಆರಾಧನೆಯ ಹೊತ್ತನ್ನು ಪಾಠಕ್ಕೆ ಮಾರಬೇಡಿರಿ. ಅಂಕ ಕಡಿಮೆಯಾದ ಮಗುವು ದೇವರ ದೃಷ್ಟಿಯಲ್ಲಿ ಕಡಿಮೆಯಾದದ್ದಲ್ಲವೆಂದು ಅದಕ್ಕೆ ನಿಮ್ಮ ಬಾಯಿಂದಲೇ ಹೇಳಿರಿ. ಬೇರೆ ಯಾರೂ ಹೇಳುವುದಿಲ್ಲ.

ಕಡೆಯದಾಗಿ, ಸಭೆಯ ಕರ್ತವ್ಯವನ್ನು ನೋಡೋಣ. ಅಪೊಸ್ತಲರ ಕೃತ್ಯಗಳ 18ನೆಯ ಅಧ್ಯಾಯದಲ್ಲಿ ಒಂದು ಮನೆಪಾಠದ ವಿಷಯ ಬರೆದದೆ. ವಾಕ್ಚಾತುರ್ಯವುಳ್ಳ ಅಪೊಲ್ಲೋಸನಿಗೆ ಕೊರತೆಯಿತ್ತು. ಗುಡಾರ ಹೊಲಿಯುವ ಅಕ್ವಿಲನೂ ಪ್ರಿಸ್ಕಿಲ್ಲಳೂ ಅವನನ್ನು ಕರಕೊಂಡುಹೋಗಿ ದೇವರ ಮಾರ್ಗವನ್ನು ಇನ್ನೂ ಚೆನ್ನಾಗಿ ವಿವರಿಸಿದರು. ಕೂಲಿ ಕೇಳಿದರೆಂದು ಅಲ್ಲಿಲ್ಲ. ನಮ್ಮ ನಾಡಿಗೆ 1834ರಲ್ಲಿ ಬಂದ ಬಾಸೆಲ್ ಮಿಶನಿನವರು ಎರಡೇ ವರುಷಗಳಲ್ಲಿ, 1836ರಲ್ಲಿ, ಮಂಗಳೂರಿನಲ್ಲಿ ಕನ್ನಡ ಶಾಲೆಯನ್ನು ತೆರೆದರು. ಸುವಾರ್ತೆಯೂ ಅಕ್ಷರವೂ ಒಂದೇ ಬಾಗಿಲಿಂದ ನಮ್ಮೊಳಗೆ ಬಂದವು. ಈ ಋಣವನ್ನು ಹೇಗೆ ತೀರಿಸುವೆವು?

ಪ್ರತಿ ಸಭೆಯಲ್ಲಿಯೂ ಬಿ.ಎಸ್ಸಿ. ಓದಿದ ತಂಗಿಯೊಬ್ಬಳಾಗಲಿ, ನಿವೃತ್ತ ಉಪಾಧ್ಯಾಯರೊಬ್ಬರಾಗಲಿ ಇರಬಹುದು. ದೇವಾಲಯದ ಜಗಲಿಯ ಮೇಲೆ ಒಂದು ಚಾಪೆ ಹಾಸಿ, ಒಂದು ದೀಪ ಹಚ್ಚಿ, ವಾರಕ್ಕೆ ಎರಡು ಸಾಯಂಕಾಲ ಊರಿನ ಮಕ್ಕಳಿಗೆ ಕಲಿಸುವುದು ಅಸಾಧ್ಯವೋ? ಜಾತಿಯನ್ನೂ ಮತವನ್ನೂ ಅಲ್ಲಿ ಕೇಳಬಾರದು. ಇನ್ನು ಟ್ಯೂಶನ್ನಿನಿಂದಲೇ ಜೀವಿಸುವ ನಮ್ಮ ಸಹೋದರರು ಮೋಶೆಯ ನ್ಯಾಯಪ್ರಮಾಣವನ್ನು ನೆನಸಲಿ. ಇಸ್ರಾಯೇಲನು ಹೊಲದ ಮೂಲೆಯನ್ನು ಕೊಯ್ಯದೆ ಬಡವನಿಗೆ ಬಿಡಬೇಕಾಗಿತ್ತು. ಹತ್ತು ಮಕ್ಕಳಿಗೆ ಹಣಕ್ಕೆ ಕಲಿಸುವವನು ಹಣವಿಲ್ಲದ ಒಂದಿಬ್ಬರನ್ನು ಅದೇ ಸಾಲಿನಲ್ಲಿ ಕುಳ್ಳಿರಿಸಲಿ, ಇವರು ಕೊಡದವರೆಂದು ಉಳಿದವರಿಗೆ ತಿಳಿಯದಂತೆ.

ಬೆಟ್ಟದ ಮೇಲೆಯೂ ದಡದಲ್ಲಿಯೂ ಜನರನ್ನು ಕುಳ್ಳಿರಿಸಿ ಕಲಿಸಿದ ನಮ್ಮ ಗುರುವು ಒಂದು ದಿನ ನಮ್ಮಿಂದ ಲೆಕ್ಕ ಕೇಳುವನು. ವಿದ್ಯೆಯೆಂಬ ತಲಾಂತನ್ನು ಹೂಣಿಟ್ಟವನಿಗೂ, ಬಡವನ ಮಗುವಿನ ಮುಂದೆ ಅದಕ್ಕೆ ಬೀಗಹಾಕಿದವನಿಗೂ ಆ ದಿನದಲ್ಲಿ ಉತ್ತರವಿರದು. ಆತನ ಮುಂದೆ ನಾಚದೆ ನಿಲ್ಲುವಂತೆ ಕಲಿಸುವವರಿಗೂ ಕಲಿಯುವವರಿಗೂ ಕರ್ತನು ಕೃಪೆಯನ್ನು ಅನುಗ್ರಹಿಸಲಿ.