ಹಕ್ಕಿಯ ಜಾತಿ, ಮನುಷ್ಯನ ಜಾತಿ



ಧಮ್ಮ ಬಂಧುಗಳೇ, ಇಂದಿನ ಚಿಂತನೆಗೆ ಒಂದೇ ಒಂದು ಪದ ತೆಗೆದುಕೊಳ್ಳೋಣ: ಜಾತಿ. 'ಈ ಕೆರೆಗೆ ಎಷ್ಟು ಜಾತಿ ಹಕ್ಕಿ ಬರುತ್ತವೆ?' ಎಂದು ಕೇಳುತ್ತೇವೆ. 'ಇದು ಯಾವ ಜಾತಿ ಮಾವು?' ಎನ್ನುತ್ತೇವೆ. 'ಅವರು ಯಾವ ಜಾತಿ?' ಎಂದೂ ಕೇಳುತ್ತೇವೆ. ಪಠ್ಯಪುಸ್ತಕ ಹಕ್ಕಿಗೆ 'ಪ್ರಭೇದ' ಎಂಬ ಪದ ಕೊಟ್ಟಿದೆ, ಆದರೆ ಬಾಯಿಗೆ ಬರುವುದು ಜಾತಿಯೇ. ಒಂದೇ ಪದ ಎರಡೂ ಕಡೆ ಓಡಾಡುವಾಗ ಅದರ ಜೊತೆ ಒಂದು ಸುಳ್ಳೂ ಸದ್ದಿಲ್ಲದೆ ಒಳಗೆ ಬರುತ್ತದೆ: ಕಾಗೆ ಬೇರೆ, ಕೋಗಿಲೆ ಬೇರೆ ಇರುವ ಹಾಗೆ ಮನುಷ್ಯರೂ ಹುಟ್ಟಿನಿಂದಲೇ ಬೇರೆ ಬೇರೆ ಎಂಬ ಸುಳ್ಳು.

ಕಳೆದ ಡಿಸೆಂಬರ್‌ನಲ್ಲಿ ನಾವು ಮೂವರು ಶಿಕ್ಷಕರು ಹಕ್ಕಿ ನೋಡಲು ಕೇರಳದ ತಟ್ಟೇಕಾಡಿಗೆ ಹೋಗಿದ್ದೆವು. ಎರ್ನಾಕುಲಂ ಜಿಲ್ಲೆಯಲ್ಲಿ, ಪೆರಿಯಾರ್ ನದಿಯ ದಂಡೆಯಲ್ಲಿರುವ ತಗ್ಗು ಪ್ರದೇಶದ ಕಾಡು ಅದು. ಪಕ್ಷಿತಜ್ಞ ಸಲೀಂ ಅಲಿ 1933ರಲ್ಲಿ ತಿರುವಾಂಕೂರಿನ ಹಕ್ಕಿಗಳ ಸಮೀಕ್ಷೆ ಮಾಡಿದಾಗ ಈ ಕಾಡನ್ನು ಗುರುತಿಸಿದ್ದರು. 1983ರಲ್ಲಿ ಅದು ಪಕ್ಷಿಧಾಮವಾಯಿತು, ಈಗ ಅವರ ಹೆಸರನ್ನೇ ಹೊತ್ತಿದೆ. ಸುಮಾರು 25 ಚದರ ಕಿಲೋಮೀಟರಿನ ಸಣ್ಣ ಕಾಡು. ಆದರೂ ಮಂಗಟ್ಟೆ, ಕಾಜಾಣ, ಕಾಮಳ್ಳಿ, ಮರಕುಟಿಗ, ಚಳಿಗಾಲಕ್ಕೆ ಬರುವ ನವರಂಗ ಎಲ್ಲವೂ ಅಲ್ಲಿವೆ.

ಹಕ್ಕಿ ನೋಡುವುದೆಂದರೆ ಲಕ್ಷಣ ನೋಡುವುದು. ಕೊಕ್ಕು ಎಂಥದು, ಬಾಲ ಎಷ್ಟುದ್ದ, ಹೊಟ್ಟೆಯ ಬಣ್ಣ ಯಾವುದು, ಕೂಗು ಹೇಗೆ? ಬಾಲದಲ್ಲಿ ಎರಡು ತಂತಿ, ತಂತಿಯ ತುದಿಯಲ್ಲಿ ಗರಿಯ ಗೊಂಡೆ ಕಂಡರೆ ಕಾಜಾಣ. ಇದನ್ನು ಹಕ್ಕಿಯೇ ನಮಗೆ ಹೇಳಬೇಕಾಗಿಲ್ಲ. ಅದರ ಊರು ಕೇಳಬೇಕಾಗಿಲ್ಲ, ತಂದೆಯ ಹೆಸರು ಕೇಳಬೇಕಾಗಿಲ್ಲ. ಕಣ್ಣಿದ್ದರೆ ಸಾಕು.

ನಾವು ಉಳಿದುಕೊಂಡಿದ್ದ ಮನೆಯಲ್ಲಿ ಬೆಂಗಳೂರಿನಿಂದ ಬಂದ ಒಬ್ಬ ಹಿರಿಯರಿದ್ದರು. ಹಕ್ಕಿಗಳ ವಿಷಯದಲ್ಲಿ ಒಳ್ಳೆಯ ತಿಳಿವಳಿಕೆ. ಹಗಲೆಲ್ಲ ಒಣಗಿದೆಲೆಯ ಹಾಗೆ ಅಲುಗಾಡದೆ ಕೂರುವ ಕಪ್ಪೆಬಾಯಿ ಹಕ್ಕಿಯನ್ನು ನಮಗೆ ತೋರಿಸಿಕೊಟ್ಟವರು ಅವರೇ. ರಾತ್ರಿ ಊಟಕ್ಕೆ ಕೂತಾಗ ಅವರು ನನ್ನ ಊರು ಕೇಳಿದರು, ಆಮೇಲೆ ತಂದೆಯ ಹೆಸರು ಕೇಳಿದರು. ಅದರಿಂದಲೂ ಏನೂ ಗೊತ್ತಾಗಲಿಲ್ಲ. 'ತಪ್ಪು ತಿಳ್ಕೋಬೇಡಿ ಮೇಷ್ಟ್ರೇ, ನೀವು ಯಾವ ಜನ?' ಎಂದರು. 'ಬೌದ್ಧರು' ಎಂದೆ. 'ಅದು ಸರಿ, ಅದಕ್ಕೂ ಮುಂಚೆ?' ಎಂದರು. ನಾನು ಸುಮ್ಮನಿದ್ದುದನ್ನು ನೋಡಿ, 'ಇದರಲ್ಲಿ ಬೇಜಾರೇನಿದೆ? ಪ್ರಕೃತಿಯಲ್ಲೇ ಜಾತಿ ಇದೆಯಲ್ಲ. ಕಾಜಾಣ ಮಂಗಟ್ಟೆ ಜೊತೆ ಗೂಡು ಕಟ್ಟುತ್ತಾ?' ಎಂದರು.

'ಅದಕ್ಕೂ ಮುಂಚೆ?' ಎಂಬ ಪ್ರಶ್ನೆ ನಮ್ಮಲ್ಲಿ ಯಾರಿಗೆ ಹೊಸದು ಹೇಳಿ? ಅದಕ್ಕೆ ಉತ್ತರವನ್ನು ಭಗವಾನ್ ಬುದ್ಧರು ಒಂದು ಕಾಡಿನಲ್ಲಿ ಕೂತೇ ಕೊಟ್ಟಿದ್ದಾರೆ. ಸುತ್ತನಿಪಾತದ ವಾಸೆಟ್ಠ ಸುತ್ತವನ್ನು ನೆನಪಿಸಿಕೊಳ್ಳಿ. ಇಚ್ಛಾನಂಗಲದ ವನದಲ್ಲಿ ಬುದ್ಧರು ತಂಗಿದ್ದಾಗ ಇಬ್ಬರು ಬ್ರಾಹ್ಮಣ ಯುವಕರು ವಾದ ಮಾಡುತ್ತಾ ಬರುತ್ತಾರೆ. ಏಳು ತಲೆಮಾರಿನ ಶುದ್ಧ ಹುಟ್ಟಿನಿಂದ ಬ್ರಾಹ್ಮಣ ಎಂಬುದು ಭಾರದ್ವಾಜನ ವಾದ, ನಡತೆಯಿಂದ ಎಂಬುದು ವಾಸೆಟ್ಠನ ವಾದ. ಬುದ್ಧರು ಹುಲ್ಲು ಮತ್ತು ಮರದಿಂದ ಶುರು ಮಾಡುತ್ತಾರೆ. ಹುಳು, ಇರುವೆ, ನಾಲ್ಕು ಕಾಲಿನ ಪ್ರಾಣಿ, ಹಾವು, ಮೀನು, ಕೊನೆಗೆ ಹಕ್ಕಿಗೆ ಬರುತ್ತಾರೆ. ಇವುಗಳಲ್ಲಿ ಹುಟ್ಟಿನಿಂದ ಬಂದ ಬೇರೆ ಬೇರೆ ಲಕ್ಷಣಗಳಿವೆ ಎಂದು ಒಪ್ಪಿಕೊಳ್ಳುತ್ತಾರೆ. ಆಮೇಲೆ ಮನುಷ್ಯನ ಕೂದಲು, ಕಿವಿ, ಕಣ್ಣು, ಮೂಗು, ತುಟಿ, ಭುಜ, ಬೆನ್ನು ಒಂದೊಂದನ್ನೂ ಎಣಿಸಿ, ಅಂಥ ಲಕ್ಷಣ ಇಲ್ಲಿ ಎಲ್ಲೂ ಇಲ್ಲ ಎನ್ನುತ್ತಾರೆ. ಮನುಷ್ಯರ ನಡುವಿನ ಭೇದ ಬರೀ ಇಟ್ಟುಕೊಂಡ ಹೆಸರು. ಪಾಳಿಯಲ್ಲೂ ಅಲ್ಲಿರುವ ಪದ 'ಜಾತಿ'ಯೇ ಎಂಬುದನ್ನು ಗಮನಿಸಿ. ನಾವು ಕಲಸಿಕೊಂಡಿರುವುದನ್ನು ಬುದ್ಧರು ಅಂದೇ ಬಿಡಿಸಿ ಇಟ್ಟಿದ್ದರು.

ಬೆಳಿಗ್ಗೆ ಒಂದು ಹಕ್ಕಿಯನ್ನೂ ಏನೂ ಕೇಳದೆ ಗುರುತಿಸಿದ ಆ ಹಿರಿಯರು ರಾತ್ರಿ ಒಬ್ಬ ಮನುಷ್ಯನನ್ನು ನಾಲ್ಕು ಪ್ರಶ್ನೆ ಕೇಳಬೇಕಾಯಿತು. ಕೇಳಬೇಕಾಗಿ ಬಂತು ಎಂಬುದೇ ಸಾಕ್ಷಿ. ಇರುವುದನ್ನು ನೋಡುತ್ತೇವೆ, ಇಲ್ಲದಿರುವುದನ್ನು ಮಾತ್ರ ವಿಚಾರಿಸಿ ತಿಳಿಯಬೇಕು.

ಇನ್ನು ಗೂಡಿನ ಮಾತು. ಕಾಜಾಣ ಮಂಗಟ್ಟೆಯ ಜೊತೆ ಗೂಡು ಕಟ್ಟುವುದಿಲ್ಲ, ನಿಜ. ಆದರೆ ಅದನ್ನು ತಡೆಯಲು ಕಾಡಿನಲ್ಲಿ ಯಾರೂ ಪಂಚಾಯಿತಿ ಸೇರಿಸಿಲ್ಲ, ಬಹಿಷ್ಕಾರ ಹಾಕಿಲ್ಲ, ಮಗಳ ಕತ್ತು ಹಿಸುಕಿಲ್ಲ. ಪ್ರಕೃತಿ ಹಾಕಿದ ಗೆರೆಗೆ ಕಾವಲುಗಾರ ಬೇಕಿಲ್ಲ. ಬಾಬಾಸಾಹೇಬರು 1916ರಲ್ಲಿ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ, ಜಾತಿಯ ತಿರುಳು ಒಳಮದುವೆ ಎಂದು ತೋರಿಸಿಕೊಟ್ಟರು. ಹೊರಗೆ ಮದುವೆಯಾಗದಂತೆ ತಡೆದರೆ ಮಾತ್ರ ಜಾತಿ ಉಳಿಯುತ್ತದೆ. ಇಷ್ಟು ಕಾವಲು ಬೇಕಾಗುವ ಗೆರೆ ಮನುಷ್ಯ ಎಳೆದದ್ದೇ ಹೊರತು ಪ್ರಕೃತಿಯದಲ್ಲ. ತಟ್ಟೇಕಾಡಿನ ಕಾಕರಣೆ ಹಕ್ಕಿಯಲ್ಲಿ ಗಂಡಿನ ಹೊಟ್ಟೆ ಕಡುಗೆಂಪು, ಹೆಣ್ಣಿನದು ಮಾಸಲು ಕಂದು ಹಳದಿ. ನೋಡಿದವರು ಎರಡು ಜಾತಿ ಎಂದೇ ತಿಳಿದಾರು. ಆದರೂ ಅವು ಒಂದೇ. ಹಾಗಿರುವಾಗ ಒಂದೇ ಮೈ, ಒಂದೇ ರಕ್ತದ ಮನುಷ್ಯರು ಎರಡು ಹೇಗಾದಾರು?

ಹಾಗಾದರೆ ಜಾತಿ ಪ್ರಮಾಣಪತ್ರ ಯಾಕೆ ತೆಗೆದುಕೊಳ್ಳುತ್ತೀರಿ ಎಂದು ಕೇಳುವವರಿದ್ದಾರೆ. ಮಕ್ಕಳೂ ಕೇಳುತ್ತಾರೆ. ಗಾಯ ಆಗಿರುವ ಜಾಗವನ್ನು ವೈದ್ಯರಿಗೆ ತೋರಿಸಲೇಬೇಕು. ಆ ಹೆಸರಿನಲ್ಲಿ ಅನ್ಯಾಯ ನಡೆದಿದೆ, ಆದ್ದರಿಂದ ಪರಿಹಾರದ ಲೆಕ್ಕಕ್ಕೂ ಆ ಹೆಸರು ಬೇಕು. ಪ್ರಶ್ನೆಯ ಹಿಂದಿನ ಚೇತನ ಯಾವುದು ಎಂದು ನೋಡಬೇಕು. ನ್ಯಾಯ ಹಂಚಲು ಕೇಳುವುದು ಬೇರೆ, ತಟ್ಟೆ ಎಲ್ಲಿಡಬೇಕೆಂದು ತೀರ್ಮಾನಿಸಲು ಕೇಳುವುದು ಬೇರೆ.

ಬಂಧುಗಳೇ, ಈ ಮಾತನ್ನು ಬೇರೆಯವರ ಕಡೆ ತಿರುಗಿಸಿ ಬಿಟ್ಟರೆ ಅರ್ಧ ಚಿಂತನೆಯಾಗುತ್ತದೆ. ನಮ್ಮ ವಿಹಾರದಲ್ಲಿ ಒಟ್ಟಿಗೆ ಕೂತು ತ್ರಿಸರಣ ಹೇಳುತ್ತೇವೆ, ಖೀರು ಕುಡಿಯುತ್ತೇವೆ. ಮಗಳಿಗೆ ಸಂಬಂಧ ಬಂದ ದಿನ ಮಾತ್ರ ಯಾರೋ ಮೆಲ್ಲಗೆ ಕೇಳುತ್ತಾರೆ: 'ಹುಡುಗನ ಕಡೆಯವರು ಎಡಗೈನೋ, ಬಲಗೈನೋ?' ಇದೂ 'ಅದಕ್ಕೂ ಮುಂಚೆ?' ಎಂಬ ಪ್ರಶ್ನೆಯೇ. ನಾಗಪುರದಲ್ಲಿ 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಮನುಷ್ಯರೆಲ್ಲ ಸಮಾನರೆಂದು ನಂಬುವುದೂ ಇದೆ, ಆ ಸಮಾನತೆಯನ್ನು ಕಟ್ಟಲು ದುಡಿಯುವುದೂ ಇದೆ. ಮೊದಲನೆಯದು ಮನಸ್ಸಿನ ಕೆಲಸ. ಎರಡನೆಯದು ಮನೆಯ ಜಗಲಿಯಲ್ಲಿ, ನೆಂಟರ ಎದುರು, ಸ್ವಲ್ಪ ಮುಜುಗರಪಟ್ಟುಕೊಂಡು ಮಾಡಬೇಕಾದ ಕೆಲಸ.

ಇಂದಿನ ಅಭ್ಯಾಸ ಇಷ್ಟೇ. ಯಾರನ್ನಾದರೂ ಹೊಸದಾಗಿ ಭೇಟಿಯಾದಾಗ ಒಳಗೆ ಏಳುವ ಪ್ರಶ್ನೆಯನ್ನು ಗಮನಿಸಿ. ಅದು ಬಾಯಿಗೆ ಬರುವ ಮೊದಲು, ಈತನ ನಡೆ ಹೇಗಿದೆ, ಮಾತು ಹೇಗಿದೆ, ಕರುಣೆ ಇದೆಯೇ ಎಂದು ನೋಡಿ. ಮನುಷ್ಯನಲ್ಲಿ ಕಾಣುವ ಲಕ್ಷಣ ಅದೊಂದೇ. ನಮ್ಮ ಮನೆಗೆ ಸಂಬಂಧ ಬಂದಾಗಲೂ ಅದನ್ನೇ ವಿಚಾರಿಸೋಣ.

ಎಲ್ಲ ಜೀವಿಗಳೂ ಸುಖವಾಗಿರಲಿ. ಜೈ ಭೀಮ್.